ಮೀಟರ್ ನುಂಗಿದ ಟ್ಯಾಂಕರ್

ಹುರುಳಿ ಬೇಯುವ ವಾಸನೆಗೆ ನಲ್ಲಪ್ಪನವರು ಸೋತವರು. ಅವರು ಹುಟ್ಟಿ ಬೆಳೆದ ದೊಡ್ಡನೆಕ್ಕುಂದಿಯಲ್ಲಿ ಆಗ ಕಾರ್ಖಾನೆಗಳಿಗಿಂತ ಎತ್ತುಗಳೇ ಹೆಚ್ಚಾಗಿದ್ದವು. ಬೆಳಗಾಗುವ ಮುಂಚೆಯೇ ಅವರಮ್ಮ ಹಿತ್ತಲಿನ ಮೂರು ಕಲ್ಲಿನ ಒಲೆಯ ಮೇಲೆ ಎತ್ತುಗಳಿಗೆಂದು ದೊಡ್ಡ ಮಡಕೆಯಲ್ಲಿ ಹುರುಳಿ ಬೇಯಲು ಇಡುತ್ತಿದ್ದರು. ಬೆಂದ ಕಾಳು ಎತ್ತುಗಳಿಗೆ, ಬಸಿದ ಕಟ್ಟು ಮನೆಯವರಿಗೆ. ಆ ಕಟ್ಟಿಗೆ ಹುಣಸೆ, ಬೆಳ್ಳುಳ್ಳಿ ಬಿದ್ದು ಸಾರು ಕುದಿಯತೊಡಗಿದರೆ ಹೊಗೆಯೂ ಮಣ್ಣೂ ಬೆರೆತಂಥ ಒಂದು ವಾಸನೆ ಚಾಪೆಯವರೆಗೂ ಬಂದು ಹುಡುಗನನ್ನು ಎಬ್ಬಿಸುತ್ತಿತ್ತು. ಆ ಹುಡುಗ ಪಿಂಚಣಿದಾರನಾದ ಮೇಲೂ ಮೂಗು ಮಾತ್ರ ನಿವೃತ್ತವಾಗಲಿಲ್ಲ.

ಎಂಟು ವರ್ಷದ ಹಿಂದೆ ಬಾಡಿಗೆ ಮನೆ ಹುಡುಕುತ್ತಾ ಗಂಡ ಹೆಂಡತಿ ಬೇಗೂರಿಗೆ ಬಂದಾಗ, ಚಿಕ್ಕಬೈರಪ್ಪನವರ ಗೇಟಿನ ಮುಂದೆ ನಿಂತ ನಲ್ಲಪ್ಪನವರು ಗಾಳಿಯನ್ನು ಒಂದು ಸಲ ಮೂಸಿ, "ಕೃಷ್ಣಮ್ಮಾ, ಈ ಮನೆ ಆಗುತ್ತೆ" ಎಂದುಬಿಟ್ಟರು.

"ಇನ್ನೂ ಒಳಗೆ ಕಾಲಿಟ್ಟಿಲ್ಲ. ಅಡುಗೆಮನೆ ಹೇಗಿದೆಯೋ ಏನೋ!"

"ಅಡುಗೆಮನೆ ವಾಸನೆ ಬರ್ತಾ ಇದೆಯಲ್ಲೇ."

"ಅದು ಓನರ್ ಅಡುಗೆಮನೆ ಕಣ್ರೀ!"

ಓನರ್ ಚಿಕ್ಕಬೈರಪ್ಪನವರು ಬೇಗೂರಿನ ಹಳೆಯ ಒಕ್ಕಲು ಮನೆತನದವರು. ರಾಗಿ ಹೊಲ ಇದ್ದಲ್ಲಿ ಈಗ ಅವರ ಮೂರು ಕಟ್ಟಡಗಳು ಎದ್ದಿದ್ದವು. ಒಳ್ಳೆಯ ಮನುಷ್ಯ. ಆದರೆ ಸುಳ್ಳು ಎಂದರೆ ಆಗದು. ಹಿಂದೊಬ್ಬ ಬಾಡಿಗೆದಾರ ನಾಯಿ ಸಾಕಿಲ್ಲ ಎಂದು ಹೇಳಿ, ಬಚ್ಚಲುಮನೆಯಲ್ಲಿ ಒಂದು ನಾಯಿಯನ್ನು ಮುಚ್ಚಿಟ್ಟುಕೊಂಡಿದ್ದ. ಒಂದೇ ವಾರದಲ್ಲಿ ಅವನ ಸಾಮಾನು ಬೀದಿಗೆ ಬಂತು. ನಾಯಿ ಮಾತ್ರ ಇವತ್ತಿಗೂ ಅಲ್ಲೇ ಇದೆ. ಅದು ಸುಳ್ಳು ಹೇಳಿರಲಿಲ್ಲ.

ಜಗಲಿಯ ಮೇಲೆ ವಿಚಾರಣೆ ನಡೆಯಿತು. ಪಕ್ಕದಲ್ಲಿ ಚಿಕ್ಕಬೈರಪ್ಪನವರ ಅಕ್ಕ ಮಾರಕ್ಕ ಮೊರದಲ್ಲಿ ಹುರುಳಿ ಕೇರುತ್ತಾ ಕುಳಿತಿದ್ದರು. ಮಾರಕ್ಕನಿಗೆ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಕಟ್ಟಿಸಿದ ಹಲ್ಲಿನ ಸೆಟ್ಟು ಸ್ಟೀಲ್ ಲೋಟದೊಳಗಿನ ನೀರಿನಲ್ಲಿ ವಾಸವಾಗಿದ್ದು, ಮದುವೆ ಮುಂಜಿಗೆ ಮಾತ್ರ ಹೊರಗೆ ಬರುತ್ತಿತ್ತು.

"ಏನ್ ಕೆಲ್ಸದಾಗಿದ್ರಿ ತಾವು?" ಎಂದರು ಚಿಕ್ಕಬೈರಪ್ಪ.

"ಯೂನಿವರ್ಸಿಟೀಲಿ ಮೀಟರ್ ರೀಡರ್ ಆಗಿದ್ದೆ" ಎಂದರು ನಲ್ಲಪ್ಪ.

ಅದು ಅಪ್ಪಟ ಸತ್ಯ. ಯೂನಿವರ್ಸಿಟಿಯ ಕ್ವಾರ್ಟರ್ಸುಗಳಲ್ಲಿ ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ, ಸ್ಟೂಲು ಹತ್ತಿ, ಟಾರ್ಚು ಬಿಟ್ಟು, ಕರೆಂಟಿನ ಮೀಟರಿನ ಅಂಕಿ ಬರೆದುಕೊಂಡು ಬರುವುದು ಅವರ ಮೂವತ್ತೊಂದು ವರ್ಷದ ಕೆಲಸ. ಆದರೆ ವಿಧಿಯ ಆಟ ನೋಡಿ. ಅವರು ಸರಿಯಾಗಿ "ಮೀಟರ್" ಎನ್ನುವ ಹೊತ್ತಿಗೆ ಬೀದಿಯ ತಿರುವಿನಲ್ಲಿ ಆಂಜಿನಪ್ಪನ ನೀರಿನ ಟ್ಯಾಂಕರ್ ಬಂದು ಹಾರ್ನ್ ಹೊಡೆಯಿತು. ಆ ಹಾರ್ನಿಗೆ ಕಾಗೆಗಳೇ ದಿಕ್ಕು ತಪ್ಪುತ್ತವೆ. "ಮೀಟರ್" ಇಡಿಯಾಗಿ ಅದರ ಹೊಟ್ಟೆಗೆ ಹೋಯಿತು. "ರೀಡರ್" ಒಂದೇ ಬದುಕಿ ಉಳಿದು ಚಿಕ್ಕಬೈರಪ್ಪನವರ ಕಿವಿ ತಲುಪಿತು.

ರೀಡರ್ ಎಂದರೇನೆಂದು ಅವರಿಗೆ ಗೊತ್ತಿರಲಿಲ್ಲ. ಬೀದಿಯ ಕೊನೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ, ಎರಡು ವರ್ಷ ಬಿ.ಎ. ಓದಿರುವ ಅಮರೇಶನನ್ನು ಕೇಳಿದರು.

"ರೀಡರ್ರಾ! ಲೆಕ್ಚರರ್‌ಗಿಂತ ಒಂದ್ ಮೆಟ್ಲು ಮೇಲೆ ಅಣ್ಣ, ಪ್ರೊಫೆಸರ್‌ಗೆ ಒಂದೇ ಮೆಟ್ಲು ಕೆಳಗೆ. ಈಗ ಆ ಪೋಸ್ಟೇ ಇಲ್ಲ. ನಿಮ್ಮನೇಲಿ ಇರೋದು ಮ್ಯೂಸಿಯಮ್ ಪೀಸು!"

ಮೂರನೆಯ ದಿನ ಚಿಕ್ಕಬೈರಪ್ಪನವರು ಬೀದಿಯ ಆರು ಮಕ್ಕಳನ್ನು ಕರೆತಂದು, "ಇವಕ್ಕೊಸಿ ಬುದ್ಧಿ ಏಳಿ, ರೀಡರ್ ಸಾಹೇಬ್ರೆ" ಎಂದು ಚಾಪೆ ಹಾಸಿದಾಗಲೇ ನಲ್ಲಪ್ಪನವರಿಗೆ ವಿಷಯ ಹೊಳೆದದ್ದು. ಸರಿಪಡಿಸೋಣವೆಂದು ಬಾಯಿ ತೆರೆದು ತಲೆ ಎತ್ತಿದರೆ, ಕಟ್ಟಡದ ನೆತ್ತಿಯ ಮೇಲೆ ಪೇಂಟರ್ ಒಬ್ಬ ಕೆಂಪು ಅಕ್ಷರದಲ್ಲಿ "ರೀಡರ್ ನಿಲಯ" ಎಂದು ಬರೆದು ಕೊನೆಯ "ಯ"ಕ್ಕೆ ಬಾಲ ಎಳೆಯುತ್ತಿದ್ದ. ತೆರೆದ ಬಾಯನ್ನು ನಲ್ಲಪ್ಪನವರು ಮುಚ್ಚಿಕೊಂಡರು. ಬಚ್ಚಲುಮನೆಯಲ್ಲಿ ನಾಯಿ ಮುಚ್ಚಿಟ್ಟವನಿಗೆ ಒಂದು ವಾರ. ಬೋರ್ಡೇ ಬರೆಸಿಕೊಂಡವನಿಗೆ ಎಷ್ಟು ಹೊತ್ತು?

ಅಂದಿನಿಂದ ಅವರು ಪಾಪಭೀತಿಯಿಂದ ಓದತೊಡಗಿದರು. ಐದನೇ ತರಗತಿಯ ಪರಿಸರದಿಂದ ಹತ್ತನೇ ತರಗತಿಯ ಬೀಜಗಣಿತದವರೆಗೆ, ಮಕ್ಕಳು ಸಂಜೆ ಕೇಳುವುದನ್ನು ಇವರು ಬೆಳಿಗ್ಗೆಯೇ ಕಲಿತಿಡುತ್ತಿದ್ದರು. ಮಕ್ಕಳು ಪಾಸಾದರು. ಬೀದಿಯವರೆಲ್ಲ "ರೀಡರ್ ಸಾರ್" ಎಂದು ಕೈ ಮುಗಿದರು. ಹಲ್ಲಿಲ್ಲದ ಮಾರಕ್ಕ ಕೂಡ "ಏನ್ ಮೇಟ್ರಪ್ಪ, ಉಂಡಾ?" ಎಂದು ವಿಚಾರಿಸುತ್ತಿದ್ದರು. ಪಾಪ, ಹಲ್ಲಿದ್ದಿದ್ದರೆ ಮೇಷ್ಟ್ರಪ್ಪ ಎನ್ನುತ್ತಿದ್ದರೆಂದು ಎಲ್ಲರೂ ತಿಳಿದರು. ಹುರುಳಿ ಸಾರು ಮಾಡಿದ ದಿನ ಒಂದು ಬಟ್ಟಲು ಮಹಡಿ ಹತ್ತಿ ಬರುವುದು ಎಂಟು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಆ ಬಟ್ಟಲು ಬಂದಾಗಲೆಲ್ಲ ನಲ್ಲಪ್ಪನವರು, "ದೇವರೇ, ಈ ಮನೆ ತಪ್ಪಿಸಬೇಡ" ಎಂದು ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದರು.

ಹೀಗಿರುವಾಗ ಟೀವಿಯವರು ಬಂದರು.

ಯೂನಿವರ್ಸಿಟಿಯ ಬದುಕನ್ನು ಕುರಿತ "ಮೂರನೇ ಪೀರಿಯಡ್" ಎಂಬ ಕಾದಂಬರಿಯನ್ನು ಧಾರಾವಾಹಿ ಮಾಡುತ್ತಿದ್ದರಂತೆ. ನಿಜವಾದ ಯೂನಿವರ್ಸಿಟಿಯಲ್ಲಿ ಪರೀಕ್ಷೆ ನಡೆಯುತ್ತಿದ್ದುದರಿಂದ ಶೂಟಿಂಗಿಗೆ ಜಾಗ ಸಿಕ್ಕಿರಲಿಲ್ಲ. ಚಿಕ್ಕಬೈರಪ್ಪನವರು ಪಿ.ಜಿ. ಹಾಸ್ಟೆಲ್ಲಿಗೆಂದು ಕಟ್ಟಿಸಿ ಖಾಲಿ ಬಿಟ್ಟಿದ್ದ ಪಕ್ಕದ ಕಟ್ಟಡ ಅವರ ಕಣ್ಣಿಗೆ ಬಿತ್ತು. ಉದ್ದನೆಯ ಪಡಸಾಲೆ, ಎರಡೂ ಕಡೆ ಒಂದೇ ಥರದ ಬಾಗಿಲು, ಎಲ್ಲ ಕಡೆ ಧೂಳು. "ಇದಕ್ಕಿಂತ ಯೂನಿವರ್ಸಿಟಿ ಬೇಕಾ!" ಎಂದು ನಿರ್ದೇಶಕ ನರೇಶ್ ಕುಣಿದಾಡಿದ.

"ಒಂದೇ ಕೊರತೆ ಯಜಮಾನ್ರೆ," ಎಂದ. "ಯೂನಿವರ್ಸಿಟಿ ಒಳಗಿನ ಬದುಕು ಗೊತ್ತಿರೋರು ಯಾರಾದ್ರೂ ಜೊತೇಲಿ ಇದ್ದಿದ್ರೆ..."

ಚಿಕ್ಕಬೈರಪ್ಪನವರು ಎದ್ದು ನಿಂತು, ಹೆಗಲ ಮೇಲಿನ ಟವೆಲ್ ಕೊಡವಿ, ತಲೆಯ ಮೇಲಿನ ಬೋರ್ಡಿನ ಕಡೆ ಬೆರಳು ತೋರಿಸಿದರು.

ನಲ್ಲಪ್ಪನವರನ್ನು ಕರೆಸಲಾಯಿತು. ಮೆಟ್ಟಿಲಿಳಿಯುವಾಗಲೇ ಅವರು ನಿಶ್ಚಯ ಮಾಡಿಕೊಂಡಿದ್ದರು. ಊರಿನ ಮುಂದೆ ಬೇಡ, ಈ ಹುಡುಗನನ್ನಾದರೂ ಪಕ್ಕಕ್ಕೆ ಕರೆದು ನಿಜ ಹೇಳಿ ಜಾರಿಕೊಳ್ಳಬೇಕು.

"ನೋಡಪ್ಪ, ನಾನು ಅಂಥ ದೊಡ್ಡವನಲ್ಲ. ಅಲ್ಲಿ ನಾನು ನೋಡ್ತಿದ್ದದ್ದು ಬರೀ ಮೀಟರ್."

ನರೇಶನ ಕಣ್ಣು ಅರಳಿತು. "ಮೀಟರ್! ಅಂದ್ರೆ ಛಂದಸ್ಸು! ಸಾರ್, ನೀವು ಕನ್ನಡ ಡಿಪಾರ್ಟ್‌ಮೆಂಟಾ?"

"ಛಂದಸ್ಸಲ್ಲಪ್ಪ. ಮೀಟರ್. ಮನೆಮನೆಗೆ ಹೋಗಿ..."

"ಮನೆಮನೆಗೆ ಹೋಗಿ ಛಂದಸ್ಸು ಹೇಳ್ಕೊಟ್ರಾ! ಈ ಕಾಲದಲ್ಲಿ ಯಾರ್ ಸಾರ್ ಮಾಡ್ತಾರೆ ಅದನ್ನ!" ನರೇಶ್ ಬಗ್ಗಿ ಕಾಲಿಗೆ ನಮಸ್ಕಾರ ಮಾಡಿದ.

"ನಾ ಏಳ್ಲಿಲ್ವಾ?" ಎಂದರು ಆಚೆಯಿಂದ ಅದನ್ನು ನೋಡಿದ ಚಿಕ್ಕಬೈರಪ್ಪ, ತಾವೇ ಛಂದಸ್ಸು ಬರೆದವರ ಹಾಗೆ.

ಮಹಡಿಯ ಮೇಲೆ ಕೃಷ್ಣಮ್ಮ ಬಾಗಿಲಲ್ಲೇ ಕಾಯುತ್ತಿದ್ದರು.

"ಹೇಳಿದ್ರಾ?"

"ಹೇಳಿದೆ."

"ಏನಂದ್ರು?"

"ಕಾಲಿಗೆ ಬಿದ್ರು."

ಮರುದಿನ ನಲ್ಲಪ್ಪನವರು ಸಲಹೆಗಾರರಾಗಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ವಿರಾಜಮಾನರಾದರು. ಬಾಯಿ ಬಿಡುವುದೇ ಬೇಡವೆಂದು ಅವರ ಯೋಜನೆ. ಆದರೆ ವಿಭಾಗದ ಮುಖ್ಯಸ್ಥರ ಕೋಣೆಯೆಂದು ಸಜ್ಜು ಮಾಡಿದ್ದನ್ನು ನೋಡಿ ತಡೆಯಲಾಗಲಿಲ್ಲ.

"ಮೂರು ಟ್ಯೂಬ್‌ಲೈಟೂ ಹೀಗೆ ಜಗಜಗ ಅಂತ ಉರಿಯಲ್ಲಪ್ಪ. ಒಂದು ಉರಿಯುತ್ತೆ. ಒಂದು ಹೋಗಿರುತ್ತೆ. ನಡುವಿನದು ಮಿಣುಕ್ ಮಿಣುಕ್ ಅಂತಿರುತ್ತೆ. ಸ್ಟಾರ್ಟರ್ ಬದಲಾಯಿಸಿ ಅಂತ ನಾಲ್ಕು ವರ್ಷದಿಂದ ಅರ್ಜಿ ಓಡಾಡ್ತಿರುತ್ತೆ."

ಲೈಟಿನ ಹುಡುಗರು ಏಣಿ ತಂದು ನಡುವಿನ ಟ್ಯೂಬನ್ನು ಮಿಣುಕಿಸಿದರು. ನರೇಶ್ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡಿ ಎದೆ ಮುಟ್ಟಿಕೊಂಡ. "ಜೀವ ಬಂತು ಸಾರ್! ಇನ್ನೇನಾದ್ರೂ ಹೇಳಿ ಸಾರ್!"

ಹೊಗಳಿಕೆಗೆ ಕರಗದ ನಾಲಿಗೆ ಎಲ್ಲಿದೆ? ನಲ್ಲಪ್ಪನವರು ಹೇಳುತ್ತ ಹೋದರು. ಪರೀಕ್ಷೆಯ ತಿಂಗಳು ಮೇಷ್ಟ್ರುಗಳ ಮನೆಯಲ್ಲಿ ಕರೆಂಟು ಹೆಚ್ಚು ಓಡುತ್ತದೆ, ಉತ್ತರಪತ್ರಿಕೆ ತಿದ್ದುತ್ತಾರೆ. ರಿಸಲ್ಟಿನ ತಿಂಗಳು ಕಡಿಮೆ, ಎಲ್ಲರೂ ಊರು ಬಿಟ್ಟಿರುತ್ತಾರೆ. ಗಂಡ ಹೆಂಡತಿ ಮಾತು ಬಿಟ್ಟರೆ ಎರಡು ಕೋಣೆಯಲ್ಲಿ ಎರಡು ಫ್ಯಾನು ತಿರುಗುತ್ತವೆ. ರಾಜಿಯಾದ ತಿಂಗಳು ಮತ್ತೆ ಒಂದಕ್ಕೆ ಇಳಿಯುತ್ತದೆ. ಮಗಳ ಮದುವೆ ಮಾಡಿಕೊಟ್ಟ ಮನೆಯಲ್ಲಿ ಮೀಟರ್ ಇದ್ದಲ್ಲೇ ನಿಂತ ಹಾಗಿರುತ್ತದೆ. ಆಗ ಅಂಕಿ ಬರೆದುಕೊಳ್ಳುವುದಕ್ಕೂ ಸಂಕಟವಾಗುತ್ತದೆ.

"ಎಂಥ ಒಳನೋಟ!" ಎಂದು ನರೇಶ್ ಪುಸ್ತಕದ ತುಂಬ ಗೀಚಿಕೊಂಡ. "ಛಂದಸ್ಸಿನೋರು ಜೀವನಾನ ಹೀಗೆ ನೋಡ್ತಾರೆ ಅಂತ ಗೊತ್ತೇ ಇರ್ಲಿಲ್ಲ!"

ಮೂರನೆಯ ದಿನ ಕಷ್ಟ ಬಂತು. ಕಥಾನಾಯಕ ಹಳಗನ್ನಡ ಪಾಠ ಮಾಡುವ ದೃಶ್ಯ. ನಟನಿಗೆ ಮಾತು ಸಾಲದೆ ಎಲ್ಲರೂ ನಲ್ಲಪ್ಪನವರ ಕುರ್ಚಿಯ ಸುತ್ತ ನೆರೆದರು. ಅವರು ಆಗಷ್ಟೇ ತಿಂಡಿ ಮುಗಿಸಿ ಬಿ.ಪಿ. ಔಷಧಿಯ ಡಬ್ಬಿ ತೆರೆಯುತ್ತಿದ್ದರು.

"ಸಾರ್, ಮಾತ್ರೆ ಎಷ್ಟು?" ಎಂದ ನರೇಶ್.

"ಬೆಳಿಗ್ಗೆ ಎರಡು, ರಾತ್ರಿ ಒಂದು. ಊಟ ಆದ್ಮೇಲೆ" ಎಂದರು ನಲ್ಲಪ್ಪ.

ನರೇಶ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಮಗಾ, ಬರ್ಕೊಳ್ರೋ ಇದನ್ನ! ಹೀರೋ ಕ್ಲಾಸಲ್ಲಿ ಇದೇ ಜೋಕ್ ಹೇಳ್ಬೇಕು! ಸಾರ್, ಗುರು ಎಲ್ಲೆಲ್ಲಿ ಬರುತ್ತೆ?"

"ಎಲ್ಲಾ ಕಡೆ ಬರುತ್ತಪ್ಪ. ಈಗಿನ ಹುಡುಗರು ಬಾಯಿ ಬಿಟ್ಟರೆ ಗುರು."

ಆ ದಿನ ಅವರಿಗೆ ಚಪ್ಪಾಳೆ ಬಿತ್ತು. ಸಂಜೆ ಸಂತೋಷದಲ್ಲಿ ನರೇಶ್ ಧಾರಾವಾಹಿಯ ದಪ್ಪ ಫೈಲನ್ನೇ ಅವರ ಕೈಗಿತ್ತು, ಓದಿ ನೋಡಿ ಎಂದ. ಅದರಲ್ಲಿ ಗಿರಿಜೆ ಎಂಬ ಬಡ ಹುಡುಗಿ ಹಾಸ್ಟೆಲಿನಿಂದ ಟ್ರಂಕು ಹೊತ್ತುಕೊಂಡು, ಇನ್ನು ಓದು ಸಾಕೆಂದು ಬಸ್‌ಸ್ಟ್ಯಾಂಡಿಗೆ ಹೋಗುತ್ತಾಳೆ. ಬಸ್ಸು ಬರುತ್ತದೆ. ಹತ್ತುವುದಿಲ್ಲ. ಟ್ರಂಕು ಹೊತ್ತು ವಾಪಸ್ಸು ಬಂದು ಮೂರನೇ ಪೀರಿಯಡ್ಡಿಗೆ ಕೂರುತ್ತಾಳೆ. ನಲ್ಲಪ್ಪನವರು ಕಣ್ಣೊರೆಸಿಕೊಂಡರು.

"ಈ ಹುಡುಗಿ ನನಗೆ ಗೊತ್ತಿರೋಳ ಹಾಗಿದಾಳಲ್ಲ. ಯಾರಪ್ಪ ಬರೆದಿರೋದು?"

"ಡಾಕ್ಟರ್ ವೇಣಿ ಮೇಡಂ ಸಾರ್. ಮರೆತೇಬಿಟ್ಟೆ ನೋಡಿ, ಅವರೂ ನಿಮ್ಮ ಯೂನಿವರ್ಸಿಟೀನೇ! ನಾಳೆ ಶೂಟಿಂಗ್ ನೋಡಕ್ಕೆ ಬರ್ತಿದ್ದಾರೆ. ನಿಮ್ಮನ್ನ ನೋಡಿ ಎಷ್ಟು ಖುಷಿ ಪಡ್ತಾರೋ!"

ನಲ್ಲಪ್ಪನವರು ಕೈಯಲ್ಲಿದ್ದ ಟೀ ಲೋಟವನ್ನು ಫೈಲಿನ ಮೇಲೆಯೇ ಇಟ್ಟುಬಿಟ್ಟರು. ವೇಣಿ ಮೇಡಂ. ಕ್ವಾರ್ಟರ್ಸ್ ಹದಿನಾಲ್ಕು. ಮೀಟರ್ ಮುಂದಿನ ಕೋಣೆಯಲ್ಲಿ, ಕಿಟಕಿಯ ಮೇಲೆ. ಅದರ ಕೆಳಗೇ ಮೇಡಂ ಬರೆಯುವ ಮೇಜು. ಹನ್ನೊಂದು ವರ್ಷ, ತಿಂಗಳಿಗೊಂದು ಸಲ, ಇವರು ಸ್ಟೂಲಿನ ಮೇಲೆ, ಅವರು ಕುರ್ಚಿಯ ಮೇಲೆ.

ಮನೆಗೆ ಬಂದು ಸುದ್ದಿ ಹೇಳಿದಾಗ ಕೃಷ್ಣಮ್ಮ ಅಳಲಿಲ್ಲ, ಬೈಯಲಿಲ್ಲ. ಅಟ್ಟದಿಂದ ಗೋಣಿಚೀಲ ಇಳಿಸಿ ಪಾತ್ರೆ ತುಂಬತೊಡಗಿದರು.

"ಏನೇ ಇದು?"

"ಅವರು ಬೀದಿಗೆ ಎಸೆದ್ರೆ ಸೊಟ್ಟಗಾಗ್ತವೆ. ನಾವೇ ಇಳಿಸಿದ್ರೆ ನೆಟ್ಟಗಿರ್ತವೆ."

"ನನಗೆ ಜ್ವರ ಅಂತ ಹೇಳಿಬಿಡು ನಾಳೆ."

"ಇನ್ನೊಂದು ಸುಳ್ಳಾ?"

"ನಿಜವಾಗ್ಲೂ ಬಂದ್ರೆ ಸುಳ್ಳಾಗಲ್ಲ ಕಣೇ. ಬರಿಸ್ಕೋತೀನಿ."

ಅವರು ತಣ್ಣೀರು ಕುಡಿದರು, ತಣ್ಣೀರು ಸ್ನಾನ ಮಾಡಿದರು, ಒದ್ದೆ ತಲೆಯಲ್ಲಿ ಫ್ಯಾನಿನ ಕೆಳಗೆ ಮಲಗಿದರು. ಬೆಳಿಗ್ಗೆ ಎದ್ದಾಗ ಹತ್ತು ವರ್ಷ ಚಿಕ್ಕವರಾದ ಹಾಗೆ ಮೈ ಹಗುರವಾಗಿತ್ತು. ಕೃಷ್ಣಮ್ಮ ಇಸ್ತ್ರಿ ಮಾಡಿದ ಬಿಳಿ ಶರ್ಟು ಮುಂದಿಟ್ಟರು. ಕಾಲರು ಸರಿಮಾಡುತ್ತಾ, "ಹೋಗೋದೇ ಆದ್ರೆ ನೀಟಾಗಿ ಹೋಗೋಣ" ಎಂದರು. ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ ಆ "ಹೋಗೋಣ" ಎಂಬ ಮಾತಿಗೆ ನಲ್ಲಪ್ಪನವರು ಎಷ್ಟು ಋಣಿಯೆಂದು ಅವತ್ತು ಅವರಿಗೆ ತಿಳಿಯಿತು. ಹೋಗಿ ಎನ್ನಲಿಲ್ಲವಲ್ಲ ಅವಳು.

ಕೆಳಗೆ ಇಡೀ ಬೀದಿ ಸೇರಿತ್ತು. ಕಾದಂಬರಿ ಬರೆದವರನ್ನು ಬೇಗೂರಿನಲ್ಲಿ ಯಾರೂ ಹತ್ತಿರದಿಂದ ನೋಡಿರಲಿಲ್ಲ. ಚಿಕ್ಕಬೈರಪ್ಪನವರು ರೇಷ್ಮೆ ಶಲ್ಯ ಹೊದ್ದಿದ್ದರು. ಮಾರಕ್ಕ ಟೀವಿಯಲ್ಲಿ ಬಂದರೂ ಬರಬಹುದೆಂದು ಹಲ್ಲಿನ ಸೆಟ್ಟು ಹಾಕಿಕೊಂಡು, ಅದರ ಭಾರಕ್ಕೆ ತುಟಿ ಬಿಗಿಹಿಡಿದು ಜಗಲಿಯ ಮೇಲೆ ಕುಳಿತಿದ್ದರು.

ಕಾರಿನಿಂದ ವೇಣಿ ಮೇಡಂ ಇಳಿದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಅದೇ ದಪ್ಪ ಕನ್ನಡಕ.

"ಮೇಡಂ, ನಿಮ್ಮ ಯೂನಿವರ್ಸಿಟಿಯ ರೀಡರ್!" ಎಂದು ನರೇಶ್ ಕೂಗಿದ. ಚಿಕ್ಕಬೈರಪ್ಪನವರು ನಲ್ಲಪ್ಪನವರ ಬೆನ್ನಿಗೆ ಕೈಕೊಟ್ಟು ಮುಂದೆ ತಳ್ಳಿದರು.

ಮೇಡಂ ಕನ್ನಡಕ ಸರಿಮಾಡಿಕೊಂಡು ನೋಡಿ, ಏನೋ ಹೇಳಲು ಬಾಯಿ ತೆರೆದರು. ಅದಕ್ಕೂ ಮುಂಚೆ ನಲ್ಲಪ್ಪನವರು ಕೈ ಎತ್ತಿದರು. ಬೇರೆಯವರ ಬಾಯಿಂದ ಬರುವುದಕ್ಕಿಂತ ತನ್ನ ಬಾಯಿಂದಲೇ ಬರಲಿ.

"ಎಲ್ಲರೂ ಕೇಳಿ. ನಾನು ಯೂನಿವರ್ಸಿಟೀಲಿ ಮೀ—"

ಭೋಂ ಎಂದಿತು. ಶೂಟಿಂಗಿಗೆ ನೀರು ತಂದ ಆಂಜಿನಪ್ಪನ ಟ್ಯಾಂಕರ್ ಬೀದಿಗೆ ತಿರುಗಿತ್ತು.

"—ರೀಡರ್ ಆಗಿದ್ದೆ!"

"ಗೊತ್ತು ಸಾರ್! ಗೊತ್ತು!" ಎಂದು ಇಡೀ ಬೀದಿ ಚಪ್ಪಾಳೆ ತಟ್ಟಿತು.

ನಲ್ಲಪ್ಪನವರು ಚಪ್ಪಾಳೆಯ ನಡುವೆಯೇ ನೆಟ್ಟಗೆ ಟ್ಯಾಂಕರಿನ ಹತ್ತಿರ ನಡೆದು ಹೋದರು. ಬಾಗಿಲಿಗೆ ಕೈಯಿಟ್ಟು ಮೇಲೆ ನೋಡಿದರು.

"ಆಂಜಿನಪ್ಪ, ನಿನ್ನ ದಮ್ಮಯ್ಯ ಅಂತೀನಿ. ಎಂಜಿನ್ ಆಫ್ ಮಾಡು. ಎಂಟು ವರ್ಷದಿಂದ ಒಂದು ಮಾತು ಬಾಕಿ ಇದೆ."

ಆಂಜಿನಪ್ಪ ಗಾಬರಿಯಾಗಿ ಎಂಜಿನ್ ಆರಿಸಿ, ಕೀಲಿಯನ್ನೂ ತೆಗೆದು ಅವರ ಕೈಗೇ ಕೊಟ್ಟುಬಿಟ್ಟ.

"ಮೀಟರ್ ರೀಡರ್!" ಎಂದರು ನಲ್ಲಪ್ಪ, ಕೀಲಿ ಹಿಡಿದ ಕೈಯನ್ನು ಎತ್ತಿ. "ಕರೆಂಟಿನ ಮೀಟರ್. ಛಂದಸ್ಸಿಂದಲ್ಲ. ಸ್ಟೂಲ್ ಹತ್ತಿ ಅಂಕಿ ಬರ್ಕೊಳ್ಳೋ ಕೆಲಸ. ಪಾಠ ಮಾಡೋದಲ್ಲ."

ಬೀದಿಯಲ್ಲಿ ಟ್ಯಾಂಕರಿನಿಂದ ನೀರು ತೊಟ್ಟಿಕ್ಕುವುದು ಕೇಳಿಸಿತು. ನರೇಶ್ ಮೂರು ದಿನದಿಂದ ತುಂಬಿಸಿದ ಪುಸ್ತಕವನ್ನು ಹಿಂದಕ್ಕೂ ಮುಂದಕ್ಕೂ ತಿರುವಿದ. "ಓಹೋ, ಫ್ಯಾನು!" ಎಂದು ತನಗೆ ತಾನೇ ಹೇಳಿಕೊಂಡ. ಜೆರಾಕ್ಸ್ ಅಮರೇಶ, "ನಾನು ಹೇಳಿದ ಅರ್ಥ ಸರಿಯಾಗೇ ಇತ್ತು, ನನ್ನ ಮೇಲೆ ಹಾಕ್ಬೇಡಿ" ಎಂದು ಜನರ ಹಿಂದೆ ಸರಿದ.

ಚಿಕ್ಕಬೈರಪ್ಪನವರ ಮುಖ ಮಾತ್ರ ಕಪ್ಪಿಟ್ಟಿತ್ತು. "ಅಂಗಾದ್ರೆ ಎಂಟು ವರ್ಸದಿಂದ ನಂಗೆ ಸುಳ್ಳೇಳಿದ್ರಾ?"

"ಮೊದಲನೇ ದಿನ ನಿಜಾನೇ ಹೇಳಿದೆ ಯಜಮಾನ್ರೆ. ನಿಮಗೆ ಕೇಳಿಸಲಿಲ್ಲ. ಆಮೇಲೆ ನಾನು ಕೇಳಿಸೋ ಹಾಗೆ ಹೇಳಲಿಲ್ಲ. ತಪ್ಪು ಅಲ್ಲಿಂದ ಈಚೆಗೆ, ಎಲ್ಲಾ ನಂದೇ. ಸಾಮಾನು ಕಟ್ಟಿಯಾಗಿದೆ."

"ನಿಮ್ಮದು ಮುಗೀತಾ ನಲ್ಲಪ್ಪನವರೇ?" ಎಂದಿತು ಒಂದು ಮೆತ್ತನೆಯ ದನಿ. ವೇಣಿ ಮೇಡಂ. "ಹಾಗಾದರೆ ನಾನೂ ಒಂದು ಮಾತು ಹೇಳ್ತೀನಿ. ಗಿರಿಜೆ ಕಥೆ ನಾನು ಮೊದಲು ಬರೆದಾಗ ಅವಳು ಬಸ್ಸು ಹತ್ತಿ ಹೋಗಿಬಿಟ್ಟಿದ್ದಳು. ಅಲ್ಲಿಗೆ ನಿಲ್ಲಿಸಿದ್ದೆ. ಇನ್ನು ಬರೆಯೋದೇ ಬೇಡ ಅಂತ ಹಾಳೆ ಮೇಜಿನ ಮೇಲೆ ಬಿಟ್ಟಿದ್ದೆ. ಆ ತಿಂಗಳು ಇವರು ಬಂದರು, ಮೀಟರ್ ನೋಡಿದರು, ಸ್ಟೂಲಿಂದ ಇಳಿದರು. ಬಾಗಿಲಲ್ಲಿ ನಿಂತು ಕೇಳಿದರು, 'ಮೇಡಂ, ಆ ಹುಡುಗಿ ವಾಪಸ್ ಬರಲ್ವಾ?' ಅಂತ."

ನಲ್ಲಪ್ಪನವರು ತಲೆ ತಗ್ಗಿಸಿದರು. "ಕದ್ದು ಓದಿದ್ದು ಮೇಡಂ. ಮೀಟರಿನಿಂದ ಕಣ್ಣು ಕೆಳಗೆ ಜಾರ್ತಿತ್ತು. ತಪ್ಪಾಯ್ತು."

"ಗೊತ್ತಿತ್ತು. ಆಮೇಲೆ ಒಂಬತ್ತು ವರ್ಷ, ನೀವು ಬರೋ ದಿನ ಹಾಳೆಗಳನ್ನ ಸ್ಟೂಲಿನ ಕಡೆಗೆ ತಿರುಗಿಸಿ ಇಡ್ತಿದ್ದೆ. ನೀವು ಕೇಳ್ತೀರಿ ಅಂತಾನೇ ಅವಳನ್ನ ವಾಪಸ್ ಕರೆಸಿದೆ." ಅವರು ಸುತ್ತ ನಿಂತವರನ್ನು ನೋಡಿದರು. "ನಮ್ಮಂಥ ಬರೆಯೋರಿಗೆ ರೀಡರ್ ಅಂದ್ರೆ ಓದುಗ. ಈ ಪುಸ್ತಕದ ಮೊದಲನೇ ರೀಡರ್ ಇವರೇ. ಬೋರ್ಡಲ್ಲಿ ನನಗೇನೂ ತಪ್ಪು ಕಾಣಲಿಲ್ಲ."

ನಲ್ಲಪ್ಪನವರು ಟ್ಯಾಂಕರಿನ ಕೀಲಿಯನ್ನೇ ಮೇಡಂ ಕಡೆ ಚಾಚಿ ಕೈ ಮುಗಿದರು. ಮೇಡಂ ಆ ಕೀಲಿಯನ್ನು ಗೌರವದಿಂದ ತೆಗೆದುಕೊಂಡು ಆಂಜಿನಪ್ಪನಿಗೆ ದಾಟಿಸಿದರು.

ಆದರೆ ಚಿಕ್ಕಬೈರಪ್ಪನವರು ಬೋರ್ಡನ್ನೊಮ್ಮೆ ನೋಡಿದರು, ನಲ್ಲಪ್ಪನವರನ್ನೊಮ್ಮೆ ನೋಡಿದರು, ಶಲ್ಯ ಕೊಡವಿ ಹೊರಟುಹೋದರು.

ಸಂಜೆ ಗಂಡ ಹೆಂಡತಿ ಗೋಣಿಚೀಲಗಳ ನಡುವೆ ನೆಲದ ಮೇಲೆ ಕುಳಿತಿದ್ದರು. ಒಲೆಯನ್ನೂ ಕಟ್ಟಿಯಾಗಿತ್ತು. ಮಧ್ಯಾಹ್ನದಿಂದ ಒಂದು ಲೋಟ ನೀರಲ್ಲದೆ ಬೇರೇನೂ ಹೊಟ್ಟೆಗೆ ಬಿದ್ದಿರಲಿಲ್ಲ. ಮೇಲೆ, ಗೋಡೆಯ ಹೊರಗೆ, ಏಣಿ ಒರಗಿಸಿದ ಸದ್ದಾಯಿತು.

"ಬೋರ್ಡು ಅಳಿಸ್ತಿದ್ದಾರೆ" ಎಂದರು ನಲ್ಲಪ್ಪ.

"ನೋಡ್ಬೇಡಿ" ಎಂದರು ಕೃಷ್ಣಮ್ಮ.

ಅಷ್ಟರಲ್ಲಿ ಪೇಂಟರನ ದನಿ ಕೇಳಿಸಿತು. "ಮುಂದ್ಗಡೆ ಜಾಗ ಇಲ್ಲ ಅಣ್ಣಾ!"

"ಮುಂದ್ಗಡೆ ಇಲ್ದಿದ್ರೆ ಮೇಲ್ಗಡೆ ಬರಿಯೋ!" ಕೆಳಗಿನಿಂದ ಚಿಕ್ಕಬೈರಪ್ಪನವರು ಗುಡುಗಿದರು. "ಸಣ್ಣುಕ್ಕೆ ಬರೀಬ್ಯಾಡ. ಮೀ ಅನ್ನೋದು ದಪ್ಪಕ್ಕಿರ್ಲಿ. ಟ್ಯಾಂಕರ್‌ನಾಗೆ ಕುಂತೋನ್ಗೂ ಕಾಣ್ಬೇಕು! ನನ್ ಮನೆ ಮೇಲೆ ಅರ್ಧ ನಿಜ ಬ್ಯಾಡ!"

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೃಷ್ಣಮ್ಮ ಮೊದಲು ನಕ್ಕರು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು, ಆಮೇಲೆ ಎದ್ದು ಗೋಣಿಚೀಲದ ದಾರ ಬಿಚ್ಚತೊಡಗಿದರು. ಗಂಟು ಎಷ್ಟು ಬಿಗಿಯಾಗಿತ್ತೆಂದರೆ ನಲ್ಲಪ್ಪನವರೂ ಕೈ ಹಾಕಬೇಕಾಯಿತು.

ಆಗ ಆ ವಾಸನೆ ಬಂತು. ಮೆಟ್ಟಿಲಿನ ಕಡೆಯಿಂದ, ಹೊಗೆಯೂ ಮಣ್ಣೂ ಬೆರೆತಂಥ ವಾಸನೆ. ಹಿಂದೆಯೇ ಒಂದೊಂದು ಮೆಟ್ಟಿಲಿಗೂ ಸುಧಾರಿಸಿಕೊಳ್ಳುತ್ತಾ ಹತ್ತುವ ಹೆಜ್ಜೆಯ ಸದ್ದು.

ಬಾಗಿಲಲ್ಲಿ ಮಾರಕ್ಕ ನಿಂತಿದ್ದರು. ಹಲ್ಲಿನ ಸೆಟ್ಟು ಇನ್ನೂ ಬಾಯಲ್ಲೇ ಇತ್ತು. ಕೈಯಲ್ಲಿ ಮೂರು ಡಬ್ಬಿಯ ಸ್ಟೀಲ್ ಕ್ಯಾರಿಯರ್.

"ತಗಾ, ಮೀಟ್ರಪ್ಪ" ಎಂದರು.

ಮಾತು ಸ್ಫಟಿಕದ ಹಾಗೆ ಸ್ಪಷ್ಟವಾಗಿತ್ತು. ನಲ್ಲಪ್ಪನವರು ದಾರ ಹಿಡಿದುಕೊಂಡೇ ನಿಂತರು.

"ಏನಂದ್ರಿ ಮಾರಕ್ಕ?"

"ಮೀಟ್ರಪ್ಪ. ಮೊದ್ಲಿಂದ್ಲೂ ಅಂಗೇ ತಾನೆ ಕರೀತಿರೋದು? ಅವತ್ತು ನಿನ್ ಪಕ್ಕದಾಗೇ ಕುಂತಿದ್ನಲ್ಲ, ಹುರುಳಿ ಕೇರ್ತಾ." ಮಾರಕ್ಕ ಕ್ಯಾರಿಯರನ್ನು ಅವರ ಎರಡೂ ಕೈಗೆ ಇಟ್ಟರು. ಕೆಳಗಿನ ಡಬ್ಬಿ ಸುಡುತ್ತಿತ್ತೆಂದು ತಮ್ಮ ಸೆರಗನ್ನೇ ಒಂದು ಕ್ಷಣ ಅದರ ಅಡಿಗೆ ಒತ್ತಿ ಹಿಡಿದರು. "ಎರಡ್ ಮುದ್ದೆ ಐತೆ. ಬಿಸೀಲೇ ಉಣ್ಣಿ."

ಗೋಡೆ ಹಿಡಿದುಕೊಂಡು, ಮೆಟ್ಟಿಲಿಳಿದು ಹೋದರು.